ಮೊದಲು ಕಾಲು ನೋಡದ ಡಾಕ್ಟರ್

ಕಳೆದ ವರ್ಷ ನಮ್ಮ ಮಾಮು ಒಂದು ನಿಕಾಹ್‌ಗೆಂದು ಬೈಕಿನಲ್ಲಿ ಬಿಡದಿಯಿಂದ ಹೊರಟಿದ್ದರು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ ವೇಗೆ ಬೈಕ್ ಬಿಡುವುದಿಲ್ಲ. ಹಾಗಾಗಿ ಸರ್ವಿಸ್ ರಸ್ತೆಯಲ್ಲೇ ಹೋಗುತ್ತಿದ್ದರು. ಟೆಂಪೊ ಗುದ್ದಿತು. ಅಲ್ಲಿದ್ದವರು ಕೈಕಾಲು ಹಿಡಿದು ಎತ್ತಿ ಆಟೊದಲ್ಲಿ ಕೂರಿಸಿ ಆಸ್ಪತ್ರೆಗೆ ತಂದರು.

ನಾವು ಓಡಿಹೋದಾಗ ಮಾಮು ಅವರ ಕಾಲು ತಿರುಚಿಕೊಂಡಿತ್ತು. ನರ್ಸ್ ಒಬ್ಬರು ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದಿದ್ದರು. ಡಾಕ್ಟರ್ ಮಾತ್ರ ಕಾಲಿನ ಕಡೆ ಬರಲೇ ಇಲ್ಲ. ಕುತ್ತಿಗೆ ಅಲುಗಾಡದಂತೆ ಪಟ್ಟಿ ಹಾಕಿಸಿದರು, ಹೆಸರು ಕೇಳಿದರು, ಬಾಯಿಯೊಳಗೆ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. ಹೊಸ ಶರ್ಟನ್ನು ಕತ್ತರಿಯಿಂದ ಸೀಳಿಯೇಬಿಟ್ಟರು. ಆ ಹೊತ್ತಿನಲ್ಲೂ ಅಮ್ಮಿಗೆ ಶರ್ಟಿನ ಚಿಂತೆ! "ಮೊದಲು ಕಾಲು ನೋಡಿ ಸಾರ್" ಎಂದು ನಮ್ಮವರೆಲ್ಲ ಕೂಗಾಡಿದರು. ನಾನೂ ಕೂಗಿದೆ.

ಹೊಟ್ಟೆ ಸ್ಕ್ಯಾನ್ ಮಾಡಿದಾಗ ಒಳಗೆ ರಕ್ತ ಸೋರುತ್ತಿರುವುದು ತಿಳಿಯಿತು. ಗುಲ್ಮಕ್ಕೆ ಪೆಟ್ಟಾಗಿತ್ತು. ಕಾಲಿನ ರಕ್ತ ಎಲ್ಲರಿಗೂ ಕಾಣುತ್ತಿತ್ತು, ಜೀವ ತೆಗೆಯಬಹುದಾಗಿದ್ದ ರಕ್ತ ಯಾರಿಗೂ ಕಂಡಿರಲಿಲ್ಲ. ಕೂಡಲೇ ಬೆಂಗಳೂರಿಗೆ ಕಳುಹಿಸಿ ಆಪರೇಷನ್ ಆಯಿತು. ಮಾಮು ಉಳಿದರು.

ಡಾಕ್ಟರ್ ಹೆಸರು ಕೇಳಿದ್ದು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಲು ಎಂದು ಆಗ ನಾನು ತಿಳಿದಿದ್ದೆ. ರೋಗಿ ಸರಿಯಾಗಿ ಉತ್ತರ ಕೊಟ್ಟರೆ ಉಸಿರಿನ ದಾರಿ ತೆರೆದಿದೆ, ಮಿದುಳು ಕೆಲಸ ಮಾಡುತ್ತಿದೆ ಎಂದು ಅದರಿಂದಲೇ ಗೊತ್ತಾಗುತ್ತದಂತೆ. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಸಂಚಾರ, ಪ್ರಜ್ಞೆ. ಕೊನೆಗೆ ಬಟ್ಟೆ ತೆಗೆದು ಮರೆಯಲ್ಲಿರುವ ಗಾಯಗಳ ಹುಡುಕಾಟ. ಸುರಿಯುವ ರಕ್ತವನ್ನು ಒತ್ತಿ ನಿಲ್ಲಿಸುವುದು ಇದರ ಜೊತೆಗೇ ನಡೆಯುತ್ತದೆ. ಮುರಿದ ಮೂಳೆಯ ಸರದಿ ಬರುವುದು ಇದೆಲ್ಲ ಆದಮೇಲೆ. ನಾವು ಅದನ್ನು ಅಸಡ್ಡೆ ಎಂದುಕೊಂಡು ಅವರ ಕೆಲಸಕ್ಕೇ ಅಡ್ಡ ನಿಂತಿದ್ದೆವು.

ಆಟೊದಲ್ಲಿ ತಂದವರ ಮೇಲೆ ನನಗೆ ಕೋಪವಿಲ್ಲ. ಆದರೆ ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ, ಹಾಗೆ ಎತ್ತಿ ಕೂರಿಸಿದ್ದರಿಂದಲೇ ಅವರು ಕೈಕಾಲು ಕಳೆದುಕೊಳ್ಳಬಹುದಿತ್ತು. 108ಕ್ಕೆ ಫೋನ್ ಮಾಡಿ, ಅಲುಗಾಡಿಸದೆ, ರಕ್ತ ಬರುವಲ್ಲಿ ಒತ್ತಿ ಹಿಡಿದಿದ್ದರೆ ಒಳ್ಳೆಯದಿತ್ತು.

ಇನ್ನು ಹೆದರಿ ಮುಟ್ಟದೇ ಇರುವವರು. ಕಾಮರ್ಸ್‌ನವನಾದ್ದರಿಂದ ನಾನು ಮೊದಲು ಹುಡುಕಿದ್ದು ದುಡ್ಡಿನ ವಿಷಯವನ್ನೇ! 2016ರಲ್ಲಿ ನೆಲಮಂಗಲ ಬಳಿ ಲಾರಿ ಹರಿದು ದೇಹ ಎರಡಾದರೂ ಅಂಗದಾನ ಮಾಡಿ ಎಂದು ಕೇಳಿಕೊಂಡ ಹರೀಶ್ ಅವರ ಹೆಸರಿನಲ್ಲಿ ಅದೇ ವರ್ಷ ನಮ್ಮ ಸರ್ಕಾರ ಸಾಂತ್ವನ ಯೋಜನೆ ತಂದಿತು: ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರ ಕೇಂದ್ರದ ಯೋಜನೆಯಲ್ಲಿ 7 ದಿನ, ಒಂದೂವರೆ ಲಕ್ಷದವರೆಗೆ. ಗಾಯಾಳುವನ್ನು ಕರೆತಂದವರು ತಮ್ಮ ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ಅಡಿಯ ನಿಯಮಗಳಲ್ಲೂ ಇದೆ.

ನಮ್ಮ ಕಾಲೇಜಿನ ಅರ್ಧ ಮಕ್ಕಳು ಇದೇ ರಸ್ತೆಯಲ್ಲಿ ಬರುತ್ತೇವೆ. ಪ್ರಥಮ ಚಿಕಿತ್ಸೆ ಸೈನ್ಸ್‌ನವರ ಪಾಠ ಎಂದು ಬಿಡಬಾರದು. ಒಂದು ಶನಿವಾರ ಮಧ್ಯಾಹ್ನ ಯಾರಾದರೂ ಎಮರ್ಜೆನ್ಸಿ ಡಾಕ್ಟರನ್ನು ಕರೆಸಿ ಎಲ್ಲ ವಿಭಾಗಗಳಿಗೂ ಕಲಿಸಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಬರೆದಿದ್ದೇನೆ. ಸಹಿ ಹಾಳೆ ಲೈಬ್ರರಿಯ ಬಾಗಿಲ ಪಕ್ಕದ ಮೇಜಿನ ಮೇಲಿದೆ.