ರನ್ನನ ಗದೆ, ನಮ್ಮ ಕಂಟ್ರೋಲರ್

2024ರ ಆಗಸ್ಟ್ ಕೊನೆಯಲ್ಲಿ ನಮ್ಮ ಪುಣೆ ಆಫೀಸಿನ ಊಟದ ಮೇಜಿನಲ್ಲಿ ಒಂದೇ ಮಾತು: ‘ಬ್ಲ್ಯಾಕ್ ಮಿಥ್: ವುಕಾಂಗ್’. ಚೀನಾದ ಗೇಮ್ ಸೈನ್ಸ್ ಸಂಸ್ಥೆ ಆ ತಿಂಗಳ 20ರಂದು ಬಿಡುಗಡೆ ಮಾಡಿದ ಈ ವಿಡಿಯೊ ಗೇಮ್‌ನ ಒಂದು ಕೋಟಿ ಪ್ರತಿಗಳು ಮೂರೇ ದಿನಗಳಲ್ಲಿ ಮಾರಾಟವಾಗಿದ್ದವು. ಆಟದ ಮೂಲ 16ನೇ ಶತಮಾನದ ಚೀನೀ ಕಾದಂಬರಿ ‘ಪಶ್ಚಿಮ ಯಾತ್ರೆ’. ಬೌದ್ಧ ಗ್ರಂಥ ತರಲು ಭಾರತಕ್ಕೆ ಹೊರಟ ಭಿಕ್ಷು, ಅವನ ಜೊತೆಗೊಬ್ಬ ಕಪಿವೀರ. ಆ ಭಿಕ್ಷುವಿನ ಪಾತ್ರಕ್ಕೆ ಆಧಾರವಾದವನು ಬೇರಾರೂ ಅಲ್ಲ, ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ ಬರೆದಿಟ್ಟ ಹ್ಯೂಯೆನ್ ತ್ಸಾಂಗ್. ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ಹೆಸರು.

ಆಡಿ ನೋಡಿದಾಗ ನನ್ನನ್ನು ಹಿಡಿದದ್ದು ಗ್ರಾಫಿಕ್ಸ್ ಅಲ್ಲ. ಅವರು ಕಾದಂಬರಿಯನ್ನು ಮತ್ತೆ ಹೇಳಲು ಹೋಗಿಲ್ಲ. ಅದು ಮುಗಿದ ಮೇಲಿನ ಕಥೆ ಕಟ್ಟಿದ್ದಾರೆ. ಮರಳುಗಾಡಿನಲ್ಲಿ ತಲೆಯಿಲ್ಲದ ಗಾಯಕನೊಬ್ಬ ತಂತಿವಾದ್ಯ ನುಡಿಸುತ್ತ ಅಲ್ಲಿನ ಜನಪದ ಧಾಟಿಯಲ್ಲಿ ಹಾಡುತ್ತಾನೆ. ನನಗೆ ನೆನಪಾದದ್ದು ಊರಿನ ಗಮಕ ವಾಚನ.

‘ನಿಮ್ಮ ಭಾಷೆಯಲ್ಲಿ ಇಂಥದ್ದು ಏನಿದೆ?’ ಅಂತ ಮರಾಠಿ ಸಹೋದ್ಯೋಗಿ ಕೇಳಿದ. ಅವನಿಗಾದರೆ ಹೇಳಿಕೊಳ್ಳಲು ಪುಣೆಯಲ್ಲೇ ತಯಾರಾದ ‘ರಾಜಿ’ ಇದೆ. 2020ರಲ್ಲಿ ಬಂದ ಆ ಆಟದಲ್ಲಿ ಪುರಾಣದ ದೇವತೆಗಳಿದ್ದಾರೆ, ಕಥೆ ಮಾತ್ರ ಹೊಸದು.

ನಾನು ಹೇಳಿದ್ದು ರನ್ನನ ‘ಗದಾಯುದ್ಧ’. ಹೆಸರಲ್ಲೇ ಯುದ್ಧ ಇರುವುದರಿಂದ ಸುಲಭ ಅನ್ನಿಸುತ್ತದೆ. ಆದರೆ ಪಿಯುಸಿಯಲ್ಲಿ ಮೇಷ್ಟ್ರು ಓದಿಸಿದ ದುರ್ಯೋಧನನ ವಿಲಾಪ ನೆನಪಿಸಿಕೊಳ್ಳಿ. ಸಂಜಯನ ಜೊತೆ ಅವನು ರಣರಂಗದಲ್ಲಿ ನಡೆಯುತ್ತಾನೆ. ದ್ರೋಣನ ಶವ, ವೈರಿಯ ಮಗನಾದರೂ ಮೆಚ್ಚಬೇಕಾದ ಅಭಿಮನ್ಯು, ತನ್ನ ಮಗ, ತಮ್ಮ, ಕೊನೆಗೆ ಕರ್ಣ. ಇಲ್ಲಿ ಹೊಡೆಯಲು ಯಾರೂ ಇಲ್ಲ. ಗುಂಡಿ ಒತ್ತುವವನಿಗೆ ಉಳಿದದ್ದು ನಡೆಯುವುದು ಮತ್ತು ನಿಲ್ಲುವುದು, ಅಷ್ಟೇ. ಯಾರ ಮುಂದೆ ಎಷ್ಟು ಹೊತ್ತು ನಿಲ್ಲುತ್ತೀರಿ ಎನ್ನುವುದೇ ಆಟ.

ಕೊನೆಯ ಕಾಳಗದಲ್ಲಿ ಇನ್ನೊಂದು ತೊಡಕಿದೆ. ಆಟಗಾರ ಭೀಮನಾದರೆ ತೊಡೆಗೆ ಹೊಡೆಯುವ ಗುಂಡಿಯನ್ನು ಅವನೇ ಒತ್ತಬೇಕು. ಗದಾಯುದ್ಧದ ನಿಯಮವನ್ನು ತಾನೇ ಮುರಿಯಬೇಕು. ದುರ್ಯೋಧನನಾದರೆ ಎಷ್ಟು ಚೆನ್ನಾಗಿ ಆಡಿದರೂ ಸೋಲಲೇಬೇಕು. ‘ಗೆಲ್ಲುವ ಆಯ್ಕೆಯೂ ಇರಲಿ, ಇಲ್ಲದಿದ್ದರೆ ಯಾರು ಕೊಳ್ಳುತ್ತಾರೆ?’ ಎಂದ ಗೆಳೆಯ. ಅವನ ಲೆಕ್ಕ ತಪ್ಪಲ್ಲ, ಆದರೂ ನಾನು ಒಪ್ಪಲಿಲ್ಲ. ದುರ್ಯೋಧನ ಗೆದ್ದರೆ ಅದು ರನ್ನನದ್ದಲ್ಲ, ಗದೆ ಹಿಡಿದ ಇನ್ನೊಂದು ಕುಸ್ತಿ ಆಟ.

ದುಡ್ಡಿನ ಮಾತು ಬೇರೆ. ವುಕಾಂಗ್‌ನ ಮೊದಲ ಟ್ರೇಲರ್ ಬಂದದ್ದು 2020ರಲ್ಲಿ. ಅಲ್ಲಿಂದ ಬಿಡುಗಡೆಗೆ ಸರಿಯಾಗಿ ನಾಲ್ಕು ವರ್ಷ. ಕೊಂಡವರಲ್ಲಿ ಹೆಚ್ಚಿನವರು ಚೀನೀಯರೇ. ನಮ್ಮಲ್ಲಿ ಆಟ ಅಂದರೆ ಮೊಬೈಲಿನಲ್ಲಿ ಪುಕ್ಕಟೆ ಸಿಗುವಂಥದ್ದು. ಅನಿಮೇಷನ್ ಮತ್ತು ಗೇಮಿಂಗ್‌ಗೆ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿತು, ಈಗ 2024–29ರ ಮೂರನೆಯದು ಚಾಲ್ತಿಯಲ್ಲಿದೆ. ಬೆಂಗಳೂರಿನ ಸ್ಟುಡಿಯೊಗಳಿಗೆ ಕೈತುಂಬ ಕೆಲಸವೂ ಇದೆ, ಬಹುಪಾಲು ಹೊರದೇಶದವರ ಆಟಗಳಿಗೆ. ನನ್ನ ಕೆಲಸವೂ ಅದೇ ಜಾತಿಯದು, ದೂರುವ ಹಕ್ಕು ನನಗಿಲ್ಲ.

ಆದರೂ ಇಬ್ಬರು ಕನ್ನಡಿಗ ಗೆಳೆಯರ ಜೊತೆ ಸೇರಿ ಶನಿವಾರಗಳಲ್ಲಿ ಆ ರಣರಂಗದ ನಡಿಗೆಯೊಂದನ್ನೇ ಮಾಡಲು ಹೊರಟೆವು. ಮೊದಲ ದಿನವೇ ಎಡವಿದ್ದು ನಾಯಕನ ಹೆಸರಿನಲ್ಲಿ! ಗೇಮ್ ಎಂಜಿನ್‌ನಲ್ಲಿ ‘ದುರ್ಯೋಧನ’ ಎಂದು ಬರೆದರೆ ಅರ್ಕಾವತ್ತು ಒಂದು ಕಡೆ, ಯಕಾರ ಇನ್ನೊಂದು ಕಡೆ. ಇಂಗ್ಲಿಷ್‌ನಂತೆ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಕನ್ನಡ ಆಗುವುದಿಲ್ಲ; ಯಾವುದು ಯಾವುದರ ಕೆಳಗೆ, ಯಾವುದರ ಮುಂದೆ ಎಂದು ಲೆಕ್ಕ ಹಾಕುವ ತಂತ್ರಾಂಶ ಬೇರೆ ಬೇಕು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಅದನ್ನು ಮಾಡುತ್ತದೆ, ಆದರೆ ನಮ್ಮ ಎಂಜಿನ್‌ಗೆ ಜೋಡಿಸಲು ಮೂರು ಶನಿವಾರ ಹೋದವು.

ಈಗ ಹೆಸರು ಸರಿಯಾಗಿ ಮೂಡುತ್ತಿದೆ. ದ್ರೋಣನ ಶವದವರೆಗೆ ನಡೆಯಬಹುದು. ಗಮಕ ಹಾಡಿ ಕೊಡುವವರನ್ನು ಹುಡುಕುತ್ತಿದ್ದೇವೆ. ಪುಣೆಯಲ್ಲಿ ಯಾರಾದರೂ ಇದ್ದರೆ ತಿಳಿಸಿ.