ಒಂದು ದಿನದ ಕೂಸು ಮಾಡಿದ ಪಾಪವೇನು?

ಹುಟ್ಟಿದ ದಿನವೇ ಸತ್ತುಹೋದ ಮಗು ಯಾವ ತಪ್ಪು ಮಾಡಿರಲು ಸಾಧ್ಯ? ಈ ಪ್ರಶ್ನೆಗೆ ಪಶ್ಚಿಮದ ಕ್ರೈಸ್ತ ಪಂಡಿತರು ಶತಮಾನಗಟ್ಟಲೆ ಕೊಟ್ಟ ಉತ್ತರ ಕೇಳಿದರೆ ಮೈ ಉರಿಯುತ್ತೆ.

ಐದನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಬಿಷಪ್ ಸಂತ ಅಗಸ್ಟೀನ್ ವಾದಿಸಿದ್ದು ಇಷ್ಟು. ಆದಾಮನ ಪಾಪ ಹುಟ್ಟಿನಿಂದಲೇ ಎಲ್ಲರಿಗೂ ಅಂಟಿದೆ. ಅದನ್ನು ತೊಳೆಯುವುದು ದೀಕ್ಷಾಸ್ನಾನ. ಅದಾಗದೆ ಸತ್ತ ಕೂಸಿಗೂ ನರಕವೇ ಗತಿ, ಶಿಕ್ಷೆ ಮಾತ್ರ ಎಲ್ಲರಿಗಿಂತ ಹಗುರವಂತೆ. ಎಂಥ ದೊಡ್ಡ ಮನಸ್ಸು ನೋಡಿ!

ನಾವು ಪ್ರೋಗ್ರಾಂ ಬರೆಯೋ ಜನ. ಔಟ್‌ಪುಟ್ ಹೀಗೆ ಬಂದರೆ ಲಾಜಿಕ್ಕಲ್ಲೇ ಏನೋ ಎಡವಟ್ಟಾಗಿದೆ ಅಂತ ಹುಡುಕುತ್ತೇವೆ. ಮಧ್ಯಯುಗದ ಪಂಡಿತರು ಲಾಜಿಕ್ ಮುಟ್ಟಲಿಲ್ಲ, ಮೇಲೊಂದು ಪ್ಯಾಚ್ ಹಾಕಿದರು. ಅದರ ಹೆಸರು 'ಲಿಂಬೋ'. ಅಲ್ಲಿ ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲ, ಎಂದೆಂದಿಗೂ.

ಇದು ಬರೀ ಪುಸ್ತಕದ ಚರ್ಚೆ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಐರ್ಲೆಂಡಿನಲ್ಲಿ ಇಂಥ ಕೂಸುಗಳಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಇರಲಿಲ್ಲ. ಹೊಲದ ಮೂಲೆಯಲ್ಲೋ, ಪಾಳುಬಿದ್ದ ಕೋಟೆಯ ಪಕ್ಕದಲ್ಲೋ, ಕತ್ತಲಾದ ಮೇಲೆ ಅಪ್ಪ ಹೋಗಿ ಹೂತು ಬರುತ್ತಿದ್ದ. ಹೆಸರಿಲ್ಲದ ಕಲ್ಲೊಂದೇ ಗುರುತು. ಆ ಜಾಗಗಳಿಗೆ 'ಕಿಲ್ಲೀನ್' ಅನ್ನುತ್ತಾರೆ. ಇಪ್ಪತ್ತನೇ ಶತಮಾನದಲ್ಲೂ ಇದು ನಡೆದಿದೆ.

2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವತಾಶಾಸ್ತ್ರ ಆಯೋಗ ಒಂದು ವರದಿ ಪ್ರಕಟಿಸಿತು. ಇಂಥ ಮಕ್ಕಳಿಗೂ ಮೋಕ್ಷ ಸಿಗುತ್ತದೆಂದು ಆಶಿಸಲು ಬಲವಾದ ಕಾರಣಗಳಿವೆ ಅಂತ ಅದರ ಸಾರಾಂಶ. ಸಂತೋಷ. ಆದರೆ ಲಿಂಬೋ ಸುಳ್ಳು ಅಂತ ಅಲ್ಲೂ ಹೇಳಲಿಲ್ಲ, ಅದೂ ಒಂದು ಸಾಧ್ಯ ಅಭಿಪ್ರಾಯವಾಗಿಯೇ ಉಳಿಯಿತು.

"ದೇವರ ನ್ಯಾಯ ಮನುಷ್ಯರ ಬುದ್ಧಿಗೆ ನಿಲುಕೋದಲ್ಲ" ಅನ್ನುವವರಿದ್ದಾರೆ. ಸರಿ ಸ್ವಾಮಿ, ನಿಲುಕದಿದ್ದ ಮೇಲೆ ಸುಮ್ಮನಿರಬೇಕಿತ್ತು. ಕೂಸು ಎಲ್ಲಿಗೆ ಹೋಗುತ್ತೆ, ಎಷ್ಟು ಶಿಕ್ಷೆ ಅಂತ ಇಷ್ಟು ಕರಾರುವಾಕ್ಕಾಗಿ ಹೇಳಿದ್ದು ಯಾರ ಬುದ್ಧಿ?

ಎಲ್ಲರ ಪಾಪಕ್ಕಾಗಿ ಯೇಸು ಶಿಲುಬೆಯಲ್ಲಿ ಸತ್ತ ಅಂತಾರೆ. ಆ ವಿಮೋಚನೆ ತಲೆಗೆ ನೀರು ಬೀಳದ ಕೂಸೊಂದನ್ನು ಬಿಟ್ಟುಹೋಗುವುದಾದರೆ 'ಎಲ್ಲರ' ಅನ್ನೋ ಮಾತಿಗೆ ಅರ್ಥವೇನು? ಕತ್ತಲಲ್ಲಿ ಗುಂಡಿ ತೋಡಿದ ಆ ಅಪ್ಪನಿಗೆ ತನ್ನ ಮಗು ಪಾಪಿಯಲ್ಲ ಅಂತ ಗೊತ್ತಿರಲಿಲ್ಲವೇ? ಅದನ್ನು ಒಪ್ಪಿಕೊಳ್ಳಲು ಪಂಡಿತರಿಗೆ ಸಾವಿರದ ಐನೂರು ವರ್ಷ ಬೇಕಾಯಿತು, ಅದೂ ಅರ್ಧಂಬರ್ಧ.

ನೀವೇನಂತೀರಿ?