‘ಇನ್ನೆಷ್ಟು ವರ್ಷ?’: ಕರುಳಿನ ಕ್ಯಾನ್ಸರ್ ಲೆಕ್ಕಾಚಾರದ ಇತಿಮಿತಿ

ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಬಳಿಕ ರೋಗಿಯ ಮನೆಯವರು ವೈದ್ಯರ ಮುಂದಿಡುವ ಮೊದಲ ಪ್ರಶ್ನೆ ಬಹುತೇಕ ಒಂದೇ: ಇನ್ನೆಷ್ಟು ವರ್ಷ? ಉತ್ತರ ಸಾಮಾನ್ಯವಾಗಿ ಶೇಕಡಾ ಲೆಕ್ಕದಲ್ಲಿ ದೊರೆಯುತ್ತದೆ. ಕಿಮೋಥೆರಪಿಗೆ ಸಾಲ ಮಾಡಬೇಕೇ, ಜಮೀನು ಮಾರಬೇಕೇ, ಮಗಳ ಮದುವೆಯನ್ನು ಬೇಗ ಮುಗಿಸಬೇಕೇ ಎಂಬಂತಹ ನಿರ್ಧಾರಗಳು ಆ ಒಂದು ಸಂಖ್ಯೆಯನ್ನು ಆಧರಿಸುತ್ತವೆ. ಆದರೆ ಆ ಸಂಖ್ಯೆ ಹೇಗೆ ಬಂತು, ಯಾರ ಲೆಕ್ಕದಿಂದ ಬಂತು ಎಂದು ಕೇಳುವವರು ವಿರಳ.

ಹಂತಗಳ ಲೆಕ್ಕ

ಈ ಲೆಕ್ಕಾಚಾರಕ್ಕೆ ತಳಹದಿ ಹಾಕಿದವರು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಕತ್‌ಬರ್ಟ್ ಡ್ಯೂಕ್ಸ್. ಗಡ್ಡೆಯು ಕರುಳಿನ ಗೋಡೆಯೊಳಗೇ ಇದೆಯೇ, ಗೋಡೆ ದಾಟಿದೆಯೇ, ದುಗ್ಧಗ್ರಂಥಿಗಳನ್ನು ತಲುಪಿದೆಯೇ ಎಂಬ ಆಧಾರದಲ್ಲಿ ಗುದನಾಳದ ಕ್ಯಾನ್ಸರನ್ನು ಅವರು 1932ರಲ್ಲಿ ಎ, ಬಿ, ಸಿ ಎಂದು ವಿಂಗಡಿಸಿದರು. ಗಡ್ಡೆಯ ಆಳ, ದುಗ್ಧಗ್ರಂಥಿಗಳು, ದೂರದ ಅಂಗಗಳಿಗೆ ಹರಡುವಿಕೆ ಈ ಮೂರನ್ನೂ ಅಳೆಯುವ ಇಂದಿನ ‘ಟಿಎನ್ಎಂ’ ಪದ್ಧತಿಯ ಹಿಂದಿರುವುದೂ ಅದೇ ತರ್ಕ.

ಅಮೆರಿಕದ ಅಂಕಿಅಂಶಗಳ ಪ್ರಕಾರ, ರೋಗ ಕರುಳಿಗಷ್ಟೇ ಸೀಮಿತವಾಗಿದ್ದಾಗ ಪತ್ತೆಯಾದವರಲ್ಲಿ 5 ವರ್ಷ ಬದುಕುಳಿಯುವವರ ಪ್ರಮಾಣ ಶೇ 90ರ ಆಸುಪಾಸು. ಸಮೀಪದ ಗ್ರಂಥಿಗಳಿಗೆ ಹರಡಿದ್ದರೆ ಅದು ಶೇ 70ಕ್ಕಿಂತ ತುಸು ಹೆಚ್ಚು. ಯಕೃತ್ತು, ಶ್ವಾಸಕೋಶಗಳಂತಹ ದೂರದ ಅಂಗಗಳನ್ನು ತಲುಪಿದ್ದರೆ ಶೇ 15ರ ಸುತ್ತಮುತ್ತ.

ಆದರೆ ಹಂತ ಏರಿದಂತೆ ಆಯುಷ್ಯ ಇಳಿಯುತ್ತದೆ ಎಂಬ ಸರಳ ಸೂತ್ರ ಎಲ್ಲ ಕಡೆ ಹೊಂದುವುದಿಲ್ಲ. ಗಡ್ಡೆ ಗೋಡೆಯನ್ನು ಭೇದಿಸಿ ಪಕ್ಕದ ಅಂಗಕ್ಕೆ ಅಂಟಿಕೊಂಡಿದ್ದರೆ, ಗ್ರಂಥಿಗಳು ಶುದ್ಧವಾಗಿದ್ದರೂ ಅದು ಎರಡನೇ ಹಂತದ ಕೊನೆಯ ವರ್ಗ. ಸಣ್ಣ ಗಡ್ಡೆಯಿದ್ದು ಒಂದೆರಡು ಗ್ರಂಥಿಗಳಿಗೆ ಹರಡಿದ್ದರೆ ಅದು ಮೂರನೇ ಹಂತದ ಮೊದಲ ವರ್ಗ. ಅಮೆರಿಕದ ದಾಖಲೆಗಳಲ್ಲಿ ಹೆಚ್ಚು ಕಾಲ ಬದುಕಿದವರು ಎರಡನೆಯ ಗುಂಪಿನವರು!

ಹನ್ನೆರಡು ಗ್ರಂಥಿಗಳ ಪ್ರಶ್ನೆ

ಭವಿಷ್ಯದ ಲೆಕ್ಕ ಸರಿಯಾಗುವುದು ಬಿಡುವುದು ಬಹುಮಟ್ಟಿಗೆ ಪೆಥಾಲಜಿ ವರದಿಯನ್ನು ಅವಲಂಬಿಸಿದೆ. ತೆಗೆದ ಕರುಳಿನ ಭಾಗದಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳನ್ನು ಹುಡುಕಿ ಪರೀಕ್ಷಿಸಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಐದಾರನ್ನಷ್ಟೇ ನೋಡಿ ‘ಹರಡಿಲ್ಲ’ ಎಂದು ಬರೆದರೆ, ವಾಸ್ತವದಲ್ಲಿ ಮೂರನೇ ಹಂತದಲ್ಲಿರುವ ರೋಗಿ ಎರಡನೇ ಹಂತದವನಾಗಿಬಿಡುತ್ತಾನೆ. ಸಿಗಬೇಕಾದ ಕಿಮೋಥೆರಪಿ ತಪ್ಪಿಹೋಗುವ ಅಪಾಯವಿದೆ. ಶಸ್ತ್ರವೈದ್ಯರ ಕೌಶಲದಷ್ಟೇ ಪ್ರಯೋಗಾಲಯದ ಶ್ರದ್ಧೆಯೂ ಇಲ್ಲಿ ಮುಖ್ಯ. ವರದಿಯಲ್ಲಿ ಎಷ್ಟು ಗ್ರಂಥಿಗಳನ್ನು ಪರೀಕ್ಷಿಸಲಾಗಿದೆ ಎಂದು ಕೇಳುವ ಹಕ್ಕು ರೋಗಿಗಿದೆ.

ಬದಲಾಗುವ ಸಂಖ್ಯೆ

ಇತ್ತೀಚಿನ ಅಧ್ಯಯನಗಳು ಈ ಲೆಕ್ಕವನ್ನು ವ್ಯಕ್ತಿಯ ಹತ್ತಿರಕ್ಕೆ ತರಲು ಯತ್ನಿಸುತ್ತಿವೆ. ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಗಡ್ಡೆಯ ಡಿಎನ್ಎ ತುಣುಕುಗಳು ಉಳಿದಿವೆಯೇ ಎಂದು ನೋಡಿ ಕಿಮೋಥೆರಪಿ ನಿರ್ಧರಿಸುವ ಆಸ್ಟ್ರೇಲಿಯಾದ ‘ಡೈನಾಮಿಕ್’ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎರಡನೇ ಹಂತದ 455 ರೋಗಿಗಳು ಇದರಲ್ಲಿದ್ದರು. ರಕ್ತಪರೀಕ್ಷೆ ಆಧರಿಸಿದ ಗುಂಪಿನಲ್ಲಿ ಕಿಮೋಥೆರಪಿ ಪಡೆದವರು ಶೇ 15 ಮಾತ್ರ. ಇನ್ನೊಂದರಲ್ಲಿ ಶೇ 28. ಆದರೂ ರೋಗ ಮರುಕಳಿಸದೆ 2 ವರ್ಷ ಕಳೆದವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು.

2025ರಲ್ಲಿ ಪ್ರಕಟವಾದ ‘ಚಾಲೆಂಜ್’ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಎರಡನ್ನೂ ಮುಗಿಸಿದ 889 ಮಂದಿಯಲ್ಲಿ ಒಂದು ಗುಂಪಿಗೆ 3 ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿಸಲಾಯಿತು. 8 ವರ್ಷಗಳ ನಂತರ ಬದುಕಿದ್ದವರು ಆ ಗುಂಪಿನಲ್ಲಿ ಶೇ 90.3; ಆರೋಗ್ಯ ಮಾಹಿತಿಯನ್ನಷ್ಟೇ ಪಡೆದವರಲ್ಲಿ ಶೇ 83.2. ಮುನ್ಸೂಚನೆ ಹಣೆಬರಹವಲ್ಲ ಎಂಬುದಕ್ಕೆ ಇದು ಸಾಕ್ಷಿ. ಅಲ್ಲದೆ, ಮರುಕಳಿಸುವಿಕೆ ಬಹುಪಾಲು ಮೊದಲ 3 ವರ್ಷಗಳಲ್ಲೇ ಸಂಭವಿಸುವುದರಿಂದ, ಆ ಅವಧಿಯನ್ನು ದಾಟಿದವರಿಗೆ ಮೊದಲ ದಿನದ ಸಂಖ್ಯೆ ಅನ್ವಯಿಸುವುದಿಲ್ಲ.

ನಮ್ಮ ಲೆಕ್ಕ ಎಲ್ಲಿ?

ಅಮೆರಿಕದಲ್ಲಿ ಈ ರೋಗ ಪತ್ತೆಯಾಗುವವರ ನಡುವಯಸ್ಸು 65ರ ಆಸುಪಾಸು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಸುಮಾರು 800 ರೋಗಿಗಳ ಕುರಿತ 2017ರ ವರದಿಯಲ್ಲಿ ಸರಾಸರಿ ವಯಸ್ಸು 47. ಪಶ್ಚಿಮದಲ್ಲಿ ಅಪರೂಪವಾದ ‘ಸಿಗ್ನೆಟ್ ರಿಂಗ್’ ಎಂಬ ಉಗ್ರ ಬಗೆಯ ಕ್ಯಾನ್ಸರ್ ಅವರಲ್ಲಿ ಶೇ 13ರಷ್ಟು ಮಂದಿಗಿತ್ತು. ಹೀಗಿರುವಾಗ ಅಲ್ಲಿನ ಕೋಷ್ಟಕವನ್ನು ಹಾಗೆಯೇ ಇಲ್ಲಿನ ರೋಗಿಗೆ ಓದಿ ಹೇಳುವುದು ಎಷ್ಟು ಸರಿ?

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ 1982ರಿಂದಲೇ ನಡೆಯುತ್ತಿದೆ. ಹೊಸ ರೋಗಿಗಳ ಎಣಿಕೆ ಒಂದು ಕೆಲಸವಾದರೆ, ಅವರು 5 ವರ್ಷಗಳ ನಂತರ ಏನಾದರು ಎಂದು ತಿಳಿಯುವುದು ಇನ್ನೊಂದು. ರೋಗಿಗಳು ಊರಿಗೆ ಮರಳುತ್ತಾರೆ, ತಪಾಸಣೆಗೆ ಬರುವುದನ್ನು ನಿಲ್ಲಿಸುತ್ತಾರೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ಕಾರಣ ವೈದ್ಯಕೀಯವಾಗಿ ದೃಢಪಟ್ಟದ್ದು ಕಾಲು ಭಾಗಕ್ಕಿಂತ ಕಡಿಮೆ.

ದುಬಾರಿ ಡಿಎನ್ಎ ಪರೀಕ್ಷೆಗಳು ಎಲ್ಲರಿಗೂ ಎಟುಕಲು ಕಾಲ ಹಿಡಿಯಬಹುದು. ಆದರೆ ಪೂರ್ಣ ಪೆಥಾಲಜಿ ವರದಿ, ನಿಯಮಿತ ತಪಾಸಣೆ, ರೋಗಿ ಬಾರದಿದ್ದಾಗ ಆಸ್ಪತ್ರೆಯಿಂದ ಒಂದು ದೂರವಾಣಿ ಕರೆ, ಇವುಗಳಿಗೆ ಹೊಸ ತಂತ್ರಜ್ಞಾನ ಬೇಕಿಲ್ಲ. ಇಷ್ಟಾದರೆ ‘ಇನ್ನೆಷ್ಟು ವರ್ಷ?’ ಎಂಬ ಪ್ರಶ್ನೆಗೆ ಇಲ್ಲಿನ ರೋಗಿಗಳ ಅನುಭವದಿಂದಲೇ ಉತ್ತರ ಹೇಳಬಹುದು. ಅಲ್ಲಿಯವರೆಗೆ ಆ ಸಂಖ್ಯೆಯನ್ನು ಚಿಕಿತ್ಸೆಯ ದಿಕ್ಸೂಚಿಯೆಂದು ಬಳಸಬಹುದೇ ಹೊರತು ತೀರ್ಪೆಂದು ಒಪ್ಪಿಕೊಳ್ಳಬೇಕಿಲ್ಲ.